ಆಲೂಗೆಡ್ಡೆ ಹಾಕುವ ಊರಿಗೆ ಉದ್ಯಮ ಹೊಸದಲ್ಲ

(ಹಾಸನದಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಉದ್ಯಮದ ಬಗ್ಗೆ ಮಾತಾಡಲು ಈ ಜಿಲ್ಲೆಯಲ್ಲಿ ಎಲ್ಲಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಸಾರ್, ಬಿಸಿನೆಸ್ ನಮ್ಮ ರಕ್ತದಲ್ಲೇ ಇಲ್ಲ. ನಾವು ರೈತರ ಮಕ್ಕಳು. ರಿಸ್ಕ್ ತಗೊಳ್ಳೋ ಜನಾನೇ ಬೇರೆ." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಆಲೂಗೆಡ್ಡೆಯಿಂದಲೇ ಶುರು ಮಾಡುತ್ತೇನೆ.

ಮೇ ತಿಂಗಳಲ್ಲಿ ನಮ್ಮ ಎಪಿಎಂಸಿಗೆ ಹೋಗಿ ನೋಡಿ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಲಾರಿಗಟ್ಟಲೆ ಬಂದು ಇಳಿದಿರುತ್ತದೆ. ಹೆಚ್ಚಿನದು ಕುಫ್ರಿ ಜ್ಯೋತಿ ಅನ್ನುವ ತಳಿ. ರೈತರು ಮೂಟೆ ಬಿಚ್ಚಿಸಿ, ಗೆಡ್ಡೆ ಕೈಯಲ್ಲಿ ಹಿಡಿದು, ಕಣ್ಣು ಹೇಗಿದೆ ನೋಡಿ, ಕೊಳೆತ ವಾಸನೆ ಇದೆಯಾ ಅಂತ ಮೂಸಿ ಕೊಳ್ಳುತ್ತಾರೆ. ಎಷ್ಟೋ ಜನರದ್ದು ಸಾಲದ ದುಡ್ಡು. ಮುಂಗಾರು ಹದ ಕೊಟ್ಟರೆ ನೆಡುತ್ತಾರೆ. ಮೂರು ತಿಂಗಳ ಬೆಳೆ. ನಡುವೆ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಬರುತ್ತದೆ. ನಿನ್ನೆ ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಸುಟ್ಟ ಹಾಗೆ ಕಾಣುತ್ತದೆ. ಅದನ್ನೂ ದಾಟಿ ಗೆಡ್ಡೆ ಕಿತ್ತರೆ, ಆ ವಾರ ರೇಟು ಎಷ್ಟಿರುತ್ತದೋ ಯಾರಿಗೂ ಗೊತ್ತಿಲ್ಲ.

ಬಿತ್ತನೆ ಎಲ್ಲಿಂದಲೋ ಬರುತ್ತೆ, ಮಳೆ ಕೈಯಲ್ಲಿಲ್ಲ, ರೋಗ ಕೈಯಲ್ಲಿಲ್ಲ, ಬೆಲೆ ಕೈಯಲ್ಲಿಲ್ಲ. ಇಷ್ಟು ರಿಸ್ಕ್ ಇರುವ ಅಂಗಡಿಯನ್ನು ಬೆಂಗಳೂರಿನ ಯಾವ ದೊಡ್ಡ ವ್ಯಾಪಾರಿಯೂ ತೆರೆಯುವುದಿಲ್ಲ. ನಿಮ್ಮ ಅಪ್ಪಂದಿರು ಪ್ರತಿ ವರ್ಷ ತೆರೆಯುತ್ತಾರೆ. ಹಾಗಿರುವಾಗ ರಿಸ್ಕ್ ತಗೊಳ್ಳೋ ಗುಣ ನಮ್ಮಲ್ಲಿ ಇಲ್ಲ ಅನ್ನುವುದು ಹೇಗೆ?

ಇನ್ನೊಂದು ನೋಡಿ. ಇಲ್ಲಿ ಕೂತಿರುವ ಅಕ್ಕಂದಿರಲ್ಲಿ ಎಷ್ಟು ಜನ ಡೈರಿಗೆ ಹಾಲು ಹಾಕುತ್ತೀರಿ? ಬಹಳ ಕೈ ಮೇಲೆದ್ದವು. ಮೈ ಹುಷಾರಿರಲಿ ಇಲ್ಲದಿರಲಿ, ಹಬ್ಬ ಇರಲಿ ಸಾವು ಇರಲಿ, ಬೆಳಿಗ್ಗೆ ಡೈರಿ ಬಾಗಿಲು ಮುಚ್ಚುವುದರೊಳಗೆ ಕ್ಯಾನು ಅಲ್ಲಿರಬೇಕು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಎಷ್ಟು ಅಂತ ಮಿಷನ್ನು ಹೇಳುತ್ತೆ. ನೀರು ಬೆರೆಸಿದರೆ ಎಲ್ಲರೆದುರಿಗೆ ಗೊತ್ತಾಗುತ್ತೆ. ಹೊತ್ತಿಗೆ ಸರಿಯಾಗಿ ಮಾಲು ಕೊಡುವುದು, ಗುಣಮಟ್ಟ ಕಾಯುವುದು, ಬಂದ ದುಡ್ಡಲ್ಲಿ ಮೊದಲು ಹಿಂಡಿ ಬೂಸದ ಬಾಕಿ ತೀರಿಸುವುದು. ಉದ್ಯಮದ ಪಾಠದಲ್ಲಿ ಶಿಸ್ತು ಅಂತ ದೊಡ್ಡದಾಗಿ ಬರೆದಿರುವುದು ಇದನ್ನೇ. ನೀವು ವರ್ಷಾನುಗಟ್ಟಲೆ ಮಾಡಿಕೊಂಡು ಬಂದಿದ್ದೀರಿ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ, ಅಷ್ಟೇ.

ಹಾಗಾದರೆ ಏನು ಕಮ್ಮಿ ಇದೆ? ನನ್ನ ಅನುಭವದಲ್ಲಿ ಮುಖ್ಯವಾಗಿ ಕಮ್ಮಿ ಇರುವುದು ಅಳತೆ. ನಾವು ರಿಸ್ಕ್ ತಗೊಳ್ಳುತ್ತೇವೆ, ಆದರೆ ಎಷ್ಟು ತಗೊಂಡಿದ್ದೇವೆ ಅಂತ ಅಳೆದು ನೋಡುವುದಿಲ್ಲ. ಕೆಲಸ ಮಾಡುತ್ತೇವೆ, ಆ ಕೆಲಸಕ್ಕೆ ಕೂಲಿ ಎಷ್ಟು ಬಿತ್ತು ಅಂತ ಬರೆಯುವುದಿಲ್ಲ. ಈ ಅಳತೆಯನ್ನು ಕಲಿಯಬಹುದು. ಕಲಿಸಬಹುದು. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಸ್ವಉದ್ಯೋಗ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ಈಗ ಸ್ವಲ್ಪ ಹೊತ್ತಿನ ಮುಂಚೆ ನಾವೂ ಇಲ್ಲೇ ಆಡಿದೆವು. ನೆಲದ ಮೇಲೆ ಒಂದು ಗೂಟ. ಕೈಯಲ್ಲಿ ಹಗ್ಗದ ಬಳೆಗಳು. ಗೂಟದಿಂದ ಒಂದಡಿ, ಎರಡಡಿ, ಮೂರಡಿ ಹೀಗೆ ಹತ್ತಡಿವರೆಗೂ ಸೀಮೆಸುಣ್ಣದ ಗೆರೆ. ಎಲ್ಲಿ ನಿಲ್ಲಬೇಕು ಅಂತ ನಿಮ್ಮಿಷ್ಟ. ಬಳೆ ಗೂಟಕ್ಕೆ ಬಿದ್ದರೆ ಅಂಕ. ದೂರದಿಂದ ಬಿದ್ದರೆ ಜಾಸ್ತಿ ಅಂಕ.

ಏನಾಯಿತು ನೋಡಿದಿರಲ್ಲ. ಹುಡುಗರಲ್ಲಿ ನಾಲ್ಕೈದು ಜನ ಸೀದಾ ಹತ್ತಡಿ ಗೆರೆಗೆ ಹೋಗಿ ನಿಂತರು. ಗೆಳೆಯರು ಸಿಳ್ಳೆ ಹೊಡೆದರು. ಒಂದು ಬಳೆಯೂ ಬೀಳಲಿಲ್ಲ. ಬೀಳದಿದ್ದಕ್ಕೆ ಅವರಿಗೆ ಬೇಜಾರೂ ಆಗಲಿಲ್ಲ, ಯಾಕೆಂದರೆ ಹತ್ತಡಿಯಿಂದ ಬೀಳದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಕ್ಕಂದಿರಲ್ಲಿ ಹೆಚ್ಚಿನವರು ಒಂದಡಿ ಗೆರೆಯಲ್ಲಿ ನಿಂತು, ಬಗ್ಗಿ, ಹೆಚ್ಚು ಕಡಿಮೆ ಗೂಟಕ್ಕೆ ತೊಡಿಸಿದ ಹಾಗೆ ಹಾಕಿದರು. ಎಲ್ಲ ಬಿದ್ದವು. ಅಂಕ ಮಾತ್ರ ಹೆಚ್ಚು ಬರಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗಿ ಏನು ಮಾಡಿದಳು ಗಮನಿಸಿದಿರಾ? ಐದಡಿಯಲ್ಲಿ ನಿಂತಳು. ಮೊದಲ ಬಳೆ ಗೂಟ ದಾಟಿ ಹೋಯಿತು. ಸ್ವಲ್ಪ ಹೊತ್ತು ಬಳೆಯನ್ನು ಕೈಯಲ್ಲಿ ತೂಗಿ ನೋಡಿದಳು. ಒಂದು ಹೆಜ್ಜೆ ಮುಂದೆ ಬಂದು ನಾಲ್ಕಡಿಯಿಂದ ಎಸೆದಳು. ಬಿತ್ತು. ಮತ್ತೆ ಐದಕ್ಕೆ ಹೋದಳು.

ಆ ಹುಡುಗಿ ಮಾಡಿದ್ದನ್ನು ಈ ಆಟದ ಹಿಂದಿರುವ ವಿದ್ವಾಂಸ ಬಹಳ ವರ್ಷ ಅಧ್ಯಯನ ಮಾಡಿದ. ಡೇವಿಡ್ ಮೆಕ್‌ಲೆಲ್ಯಾಂಡ್ ಅಂತ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ. ಸಾಧಿಸಬೇಕು ಅನ್ನುವ ಹಂಬಲ ಬಲವಾಗಿರುವವರು ತೀರಾ ಹತ್ತಿರವೂ ನಿಲ್ಲುವುದಿಲ್ಲ, ತೀರಾ ದೂರವೂ ನಿಲ್ಲುವುದಿಲ್ಲ ಅಂತ ಆತ ಕಂಡುಕೊಂಡ. ತಮ್ಮ ಕೈಚಳಕದಿಂದ ಗೆಲ್ಲಬಹುದಾದ, ಆದರೆ ಕಷ್ಟಪಡಬೇಕಾದ ಜಾಗ ಆರಿಸಿಕೊಳ್ಳುತ್ತಾರೆ. ಹತ್ತಡಿಯಲ್ಲಿ ಬಳೆ ಬಿದ್ದರೆ ಅದೃಷ್ಟ. ಒಂದಡಿಯಲ್ಲಿ ಬಿದ್ದರೆ ಏನೂ ಕಲಿತ ಹಾಗಾಗಲಿಲ್ಲ. ನಡುವೆ ನಿಂತವರಿಗೆ ಮಾತ್ರ ತಮ್ಮ ಎಸೆತದ ಬಗ್ಗೆ ಸುದ್ದಿ ಸಿಗುತ್ತದೆ, ತಿದ್ದಿಕೊಳ್ಳುತ್ತಾರೆ.

ಇಲ್ಲಿಂದ ಮುಂದಿನದು ನಮಗೆ ಇನ್ನೂ ಮುಖ್ಯ. ಈ ಗುಣ ಹುಟ್ಟಿನಿಂದಲೇ ಬರಬೇಕಾ, ಅಥವಾ ದೊಡ್ಡವರಾದ ಮೇಲೂ ಬೆಳೆಸಬಹುದಾ? ಅದನ್ನು ಪರೀಕ್ಷೆ ಮಾಡಲು ಆತ ಬಂದಿದ್ದು ನಮ್ಮ ಪಕ್ಕದ ರಾಜ್ಯಕ್ಕೆ. 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಸ್ಥರಿಗೆ ತರಬೇತಿ ಕೊಟ್ಟರು. ಅವರೇನೂ ಹೊಸಬರಲ್ಲ, ಅಂಗಡಿ ಇಟ್ಟುಕೊಂಡು ಬದುಕು ನಡೆಸುತ್ತಿದ್ದವರು. ಗುರಿ ಇಟ್ಟುಕೊಳ್ಳುವುದು, ತಮ್ಮ ಬಗ್ಗೆ ತಾವೇ ಯೋಚಿಸುವುದು, ಈ ಥರದ ಆಟಗಳು. ಆಮೇಲೆ ಹೋಗಿ ನೋಡಿದಾಗ, ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿದ್ದರು. ಹೊಸ ಬಂಡವಾಳ ಹಾಕಿದ್ದರು, ಹೊಸ ಕೆಲಸ ಶುರು ಮಾಡಿದ್ದರು, ಹೆಚ್ಚು ಜನರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಜಾತಿ, ಮನೆತನ, ಹಳೆಯ ನಂಬಿಕೆ ಇದಕ್ಕೆಲ್ಲ ಅಡ್ಡ ಬರುತ್ತದೆ ಅಂತ ಆಗ ಬಹಳ ಜನ ಹೇಳುತ್ತಿದ್ದರು. ಕಾಕಿನಾಡದ ವ್ಯಾಪಾರಸ್ಥರು ಅದನ್ನು ಸುಳ್ಳು ಮಾಡಿದರು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಅಲ್ಲಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಕೆಲಸ ಇಲ್ಲದ ಹಳ್ಳಿ ಹುಡುಗರನ್ನು ಕರೆದು, ಊಟ ವಸತಿ ಕೊಟ್ಟು, ಕೆಲವು ವಾರ ಕೂರಿಸಿಕೊಂಡು ಕಲಿಸುವುದು. ಕಸುಬಿನ ಜೊತೆಗೆ ಮನಸ್ಸನ್ನೂ ತಯಾರು ಮಾಡುವುದು. ಈ ಮಾದರಿ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಕೇಂದ್ರ ಸರ್ಕಾರ ಜಿಲ್ಲೆಗೊಂದು ಇಂಥ ಸಂಸ್ಥೆ ಇರಲಿ ಅಂತ ಬ್ಯಾಂಕುಗಳಿಗೆ ಹೇಳಿತು. ಇವತ್ತು ದೇಶದ ಉದ್ದಗಲಕ್ಕೂ ಇರುವ ಆರ್‌ಸೆಟಿಗಳ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ, ಬೇರು ನಮ್ಮ ಉಜಿರೆಯಲ್ಲಿದೆ. ಇದನ್ನು ಹೇಳುವಾಗ ನನಗೆ ನಿಜವಾಗಲೂ ಹೆಮ್ಮೆ ಆಗುತ್ತದೆ.

"ಮನಸ್ಸು ಗಿನಸ್ಸು ಬಿಡಿ ಸಾರ್, ಲೆಕ್ಕ ಹೇಳಿಕೊಡಿ ಸಾಕು" ಅನ್ನುವವರೂ ಇದ್ದಾರೆ. ಅವರಿಗೆ ಆಫ್ರಿಕಾದ ಟೋಗೋ ದೇಶದ ಒಂದು ಅಧ್ಯಯನ ಹೇಳಬೇಕು. ಅಲ್ಲಿನ ರಾಜಧಾನಿ ಲೋಮೆಯಲ್ಲಿ 1500 ಸಣ್ಣ ವ್ಯಾಪಾರಸ್ಥರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟ, ಹಣಕಾಸು ಇಂಥ ಮಾಮೂಲಿ ತರಬೇತಿ. ಇನ್ನೊಂದು ಗುಂಪಿಗೆ ತಾವಾಗಿಯೇ ಮುಂದೆ ಬರುವ ಗುಣದ ತರಬೇತಿ. ಅಂದರೆ ಯಾರಾದರೂ ಹೇಳಲಿ ಅಂತ ಕಾಯದೆ ಶುರು ಮಾಡುವುದು, ಮುಂದೆ ಬರುವ ತೊಂದರೆ ಮತ್ತು ಅವಕಾಶ ಮೊದಲೇ ಯೋಚಿಸುವುದು, ಪಕ್ಕದವರಿಗಿಂತ ಬೇರೆ ಏನಾದರೂ ಮಾಡುವುದು, ಅಡ್ಡಿ ಬಂದಾಗ ಇನ್ನೊಂದು ದಾರಿ ಹುಡುಕುವುದು. ಮೂರನೇ ಗುಂಪಿಗೆ ಏನೂ ಇಲ್ಲ. ತರಗತಿ ಒಟ್ಟು 36 ಗಂಟೆ. ಆಮೇಲೆ ತರಬೇತುದಾರರು ಕೆಲವು ತಿಂಗಳು ಅವರವರ ಅಂಗಡಿಗೇ ಹೋಗಿ ಬಂದರು. ಎರಡು ವರ್ಷದ ಲೆಕ್ಕ ತೆಗೆದರೆ, ಗುಣದ ತರಬೇತಿ ಪಡೆದವರ ಲಾಭ ಶೇ 30ರಷ್ಟು ಏರಿತ್ತು. ಮಾಮೂಲಿ ತರಬೇತಿಯವರದ್ದು ಶೇ 11, ಅದೂ ಖಚಿತವಾಗಿ ಹೇಳುವಷ್ಟು ಗಟ್ಟಿ ಇಲ್ಲ. 2017ರಲ್ಲಿ ಇದು ಪ್ರಕಟವಾಯಿತು.

ಇದರರ್ಥ ಲೆಕ್ಕ ಬೇಡ ಅಂತ ಖಂಡಿತ ಅಲ್ಲ. ಆಮೇಲೆ ಲೆಕ್ಕಕ್ಕೇ ಬರುತ್ತೇನೆ. ಆದರೆ ಬಸ್‌ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹಾಕಿ ಬನ್ನಿ. ಒಂದು ಜೆರಾಕ್ಸ್ ಅಂಗಡಿ ಚೆನ್ನಾಗಿ ನಡೆದರೆ ಪಕ್ಕದಲ್ಲೇ ಇನ್ನೊಂದು, ಎದುರಿಗೆ ಮತ್ತೊಂದು. ಮೂವರೂ ಕಷ್ಟಪಡುವವರೇ, ಮೂವರೂ ಪ್ರಾಮಾಣಿಕರೇ. ಇರುವ ಗಿರಾಕಿಯನ್ನು ಮೂರು ಪಾಲು ಮಾಡಿಕೊಂಡು ಕೂತಿದ್ದಾರೆ. ಅವರಲ್ಲಿ ಒಬ್ಬರು, "ಇಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಇನ್ನೇನು ಬೇಕು?" ಅಂತ ಕೇಳಿಕೊಂಡಿದ್ದರೆ ಕಥೆ ಬೇರೆ ಆಗುತ್ತಿತ್ತು.

ಬೇರೆ ಥರ ಯೋಚಿಸುವುದು ಅಂದರೆ ಏನು ಅಂತ ಮತ್ತೆ ಆಲೂಗೆಡ್ಡೆಯಲ್ಲೇ ತೋರಿಸುತ್ತೇನೆ. ಜಲಂಧರಿನ ಗೆಡ್ಡೆ ದುಬಾರಿ, ಕೆಲವು ವರ್ಷ ರೋಗವೂ ಅದರ ಜೊತೆಗೇ ಬರುತ್ತದೆ. ಇದು ಎಲ್ಲರೂ ಹೇಳುವ ಗೋಳು. ಹಾಸನದ ಹತ್ತಿರ ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ಗೆಡ್ಡೆಯ ಬದಲು ಸಸಿ ನೆಟ್ಟು ಆಲೂಗೆಡ್ಡೆ ಬೆಳೆಯುವ ವಿಧಾನವನ್ನು ನಮ್ಮ ಭಾಗದ ರೈತರಿಗೆ ತೋರಿಸಿಕೊಟ್ಟಿದ್ದಾರೆ. ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಚೂರಿನಿಂದ ಲ್ಯಾಬಿನಲ್ಲಿ ಬೆಳೆಸಿದ ಆರೋಗ್ಯವಾದ ಗಿಡದಿಂದ ಕುಡಿ ಕತ್ತರಿಸಿ, ಟ್ರೇಯಲ್ಲಿ ಇಟ್ಟು, ಬೇರು ಬರಿಸಿ ಮಾರುವುದು. ನೆರಳುಮನೆ, ನೀರು, ಸ್ವಚ್ಛತೆ, ದಿನಾ ನೋಡಿಕೊಳ್ಳುವ ತಾಳ್ಮೆ ಬೇಕು. ಗೋಳಾಡುವವರ ಪಕ್ಕದಲ್ಲೇ ಕೂತು, "ಹಾಗಾದರೆ ರೋಗ ಇಲ್ಲದ ಬಿತ್ತನೆ ನಾನೇ ಕೊಟ್ಟರೆ ಹೇಗೆ?" ಅಂತ ಕೇಳಿಕೊಂಡವರಿಗೆ ಅಲ್ಲೊಂದು ನರ್ಸರಿ ಕಾಣುತ್ತದೆ. ಊರಿನ ಜನ ಪದೇ ಪದೇ ಹೇಳುವ ಗೋಳನ್ನು ಕಿವಿಗೊಟ್ಟು ಕೇಳಿ. ಅವಕಾಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಈಗ ಲೆಕ್ಕ. ಬೋರ್ಡ್ ಮೇಲೆ ಬರೆಯೋಣ. ಸಂಘದ ಅಕ್ಕಂದಿರು ಹೇಳಿದ್ದು ಆಲೂಗೆಡ್ಡೆ ಚಿಪ್ಸ್, ಅದನ್ನೇ ತಗೊಳ್ಳೋಣ. ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ರೇಟು ನೀವೇ ಹಾಕಿಕೊಳ್ಳಿ.

ಇಬ್ಬರು ಸೇರಿ ದಿನಕ್ಕೆ 8 ಕೆ.ಜಿ. ಚಿಪ್ಸ್ ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಕೆ.ಜಿ. ಚಿಪ್ಸಿಗೆ ಸುಮಾರು ನಾಲ್ಕು ಕೆ.ಜಿ. ಗೆಡ್ಡೆ ಬೇಕು, ಗೆಡ್ಡೆಯಲ್ಲಿ ಇರುವುದು ಬಹುಪಾಲು ನೀರೇ. ಅಲ್ಲಿಗೆ 32 ಕೆ.ಜಿ., ಕೆ.ಜಿ.ಗೆ 30 ರೂಪಾಯಿ ಹಿಡಿದರೆ 960. ಚಿಪ್ಸ್ ಹೀರಿಕೊಳ್ಳುವ ಎಣ್ಣೆ 400 ರೂಪಾಯಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಬಳಸಬಾರದು, ಚೆಲ್ಲುವ ಎಣ್ಣೆ 100. ಗ್ಯಾಸ್ 200. ಉಪ್ಪು, ಖಾರ, ಕವರು, ಲೇಬಲ್ಲು 200. ಆಟೋ 100. ಒಟ್ಟು 1960. ಅಂಗಡಿಯವರು ಕೆ.ಜಿ.ಗೆ 300ರಂತೆ ತಗೊಂಡರೆ 2400 ಬರುತ್ತದೆ. ಉಳಿದಿದ್ದು 440 ರೂಪಾಯಿ. "ಪರವಾಗಿಲ್ಲ ಸಾರ್, ಲಾಭ ಇದೆ" ಅಂತ ಮುಂದಿನ ಸಾಲಿನಿಂದ ಧ್ವನಿ ಬಂತು.

ತಡೀರಿ. ಇಬ್ಬರ ಇಡೀ ದಿನದ ದುಡಿಮೆ. ತಲೆಗೆ 220. ತೋಟದ ಕೆಲಸಕ್ಕೆ ಹೋದರೆ ಇದಕ್ಕಿಂತ ಜಾಸ್ತಿ ಕೂಲಿ ಸಿಗುತ್ತೆ, ಅಲ್ವಾ? ಇನ್ನೂ ಇದೆ. ವಾರದ ಕೊನೆಗೆ ಅಂಗಡಿಯವರು ಮೆತ್ತಗಾದ ಪ್ಯಾಕೆಟ್ ವಾಪಸ್ ಕೊಡುತ್ತಾರೆ. ದಿನಕ್ಕೆ ಒಂದೇ ಒಂದು ಕೆ.ಜಿ. ವಾಪಸ್ ಬಂದರೂ 300 ಹೋಯಿತು. ಉಳಿದಿದ್ದು 140. ತಲೆಗೆ 70 ರೂಪಾಯಿ.

ಎಷ್ಟು ಸಂಘಗಳು ಇಲ್ಲೇ ಸೋತಿವೆ ಗೊತ್ತಾ? "ವ್ಯಾಪಾರ ಚೆನ್ನಾಗಿತ್ತು, ಯಾಕೋ ದುಡ್ಡು ನಿಲ್ಲಲಿಲ್ಲ" ಅಂತ ಹೇಳಿ ಬಾಗಿಲು ಹಾಕುತ್ತಾರೆ. ದುಡ್ಡು ನಿಲ್ಲದೆ ಇದ್ದದ್ದಕ್ಕೆ ಕಾರಣ ಈ ಬೋರ್ಡ್ ಮೇಲಿದೆ. ತಮ್ಮ ಕೂಲಿಯನ್ನು ಖರ್ಚಿಗೆ ಬರೆಯಲಿಲ್ಲ. ವಾಪಸ್ ಬಂದ ಮಾಲನ್ನು ಬರೆಯಲಿಲ್ಲ. ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ ಇರುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಅದು ಹಾಗೇ ಬಿಸಿನೆಸ್ಸಿಗೂ ಬಂದುಬಿಡುತ್ತದೆ. ದಯವಿಟ್ಟು ಮೊದಲ ದಿನದಿಂದಲೇ ನಿಮ್ಮ ಕೂಲಿಯನ್ನು ಪುಸ್ತಕದಲ್ಲಿ ಬರೆಯಿರಿ. ಕೈಗೆ ತಗೊಳ್ಳದಿದ್ದರೂ ಬರೆಯಿರಿ.

ಲೆಕ್ಕ ಬರೆದ ಮೇಲೆ ಏನನ್ನು ಬದಲಾಯಿಸಬಹುದು ಅನ್ನುವುದು ಕಾಣಲು ಶುರುವಾಗುತ್ತದೆ. ಅದೇ 8 ಕೆ.ಜಿ.ಯನ್ನು ಸಂತೆಯಲ್ಲಿ, ಹಾಸ್ಟೆಲ್‌ಗೆ, ಆಫೀಸಿನ ಟೀ ಹೊತ್ತಿಗೆ ನೇರವಾಗಿ 380ಕ್ಕೆ ಮಾರಿದರೆ 3040 ಬರುತ್ತದೆ. ಖರ್ಚು ಕಳೆದು 1080. ತಲೆಗೆ 540. ಅದೇ ಬಾಣಲೆ, ಅದೇ ಕೈ. ಮಾರಲು ಓಡಾಡುವ ಹೊತ್ತನ್ನು ಇದರಲ್ಲಿ ಹಿಡಿದಿಲ್ಲ, ಅದನ್ನೂ ಹಿಡಿಯಬೇಕು. ಕೊಯ್ಲಿನ ಕಾಲದಲ್ಲಿ ಗೆಡ್ಡೆ ಅಗ್ಗವಾದಾಗ ಕೊಂಡಿಟ್ಟುಕೊಂಡರೆ ಹೇಗೆ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಕೋಲ್ಡ್ ಸ್ಟೋರೇಜಿನಲ್ಲಿ ತೀರಾ ತಂಪಿಗೆ ಇಟ್ಟ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಕರಿದರೆ ಕಂದು ಬಣ್ಣ ಬಂದು ಕಹಿಯಾಗುತ್ತದೆ. ಚಿಪ್ಸಿಗೆಂದೇ ಕುಫ್ರಿ ಚಿಪ್ಸೋನಾ ಥರದ ತಳಿಗಳು ಇವೆ. ನೋಡಿ, ಒಂದು ಚಿಪ್ಸ್ ಮಾಡಲು ಹೊರಟರೆ ಎಷ್ಟೆಲ್ಲ ತಿಳಿಯಬೇಕು. ಕುತೂಹಲ ಇಲ್ಲದವರಿಗೆ ಈ ಕೆಲಸ ಬೇಗ ಬೇಜಾರಾಗುತ್ತದೆ.

ಮಾರುವ ವಿಷಯ ಬಂತು. ಕಾಲೇಜಿನ ಹುಡುಗರಿಗೆ ಇಲ್ಲಿ ಕಾಲು ಎಳೆಯುತ್ತದೆ. ತಯಾರು ಮಾಡು ಅಂದರೆ ಮಾಡುತ್ತಾರೆ, ಅಂಗಡಿ ಮೆಟ್ಟಿಲು ಹತ್ತಿ "ತಗೊಳ್ತೀರಾ?" ಅಂತ ಕೇಳಲು ನಾಚಿಕೆ. ಓದಿದವರು ಮಾರಲು ಹೋಗುವುದು ಅವಮಾನ ಅಂತ ಮನೆಯಲ್ಲೂ ಹೇಳಿರುತ್ತಾರೆ. ಇಂಗ್ಲಿಷ್ ಬರಲ್ಲ ಅನ್ನುವ ಅಳುಕು ಬೇರೆ. ಹಾಸನದ ಕಿರಾಣಿ ಅಂಗಡಿಯಲ್ಲಿ ಇಂಗ್ಲಿಷ್ ಯಾರಿಗೆ ಬೇಕು?

ಈ ನಾಚಿಕೆ ಹೋಗಲು ಒಂದು ಅಭ್ಯಾಸ ಹೇಳುತ್ತೇನೆ. ಮೊದಲ ಸಲ ಏನನ್ನೂ ಮಾರಲು ಹೋಗಬೇಡಿ, ಕೇಳಲು ಹೋಗಿ. ನಿಮ್ಮ ಬೀದಿಯ ಅಂಗಡಿಗೆ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ. "ಅಣ್ಣ, ನಿಮ್ಮಲ್ಲಿ ಯಾವ ತಿಂಡಿ ಬೇಗ ಖಾಲಿಯಾಗುತ್ತೆ? ಯಾವುದು ವಾಪಸ್ ಕಳಿಸ್ತೀರಾ? ಯಾಕೆ ವಾಪಸ್ ಹೋಗುತ್ತೆ?" ಇಷ್ಟೇ. ಅಂಗಡಿಯವರು ಇದನ್ನು ಸಂತೋಷದಿಂದ ಹೇಳುತ್ತಾರೆ, ಯಾಕೆಂದರೆ ಅವರನ್ನು ಯಾರೂ ಕೇಳಿರುವುದಿಲ್ಲ. ಪ್ಯಾಕೆಟ್ ಅಂಚು ಸರಿ ಅಂಟಿರಲ್ಲ, ಹತ್ತು ರೂಪಾಯಿ ಪ್ಯಾಕೆಟ್ ಮಾತ್ರ ಹೋಗುತ್ತೆ, ಬರುತ್ತೇನೆ ಅಂದ ದಿನ ಹುಡುಗ ಬರಲ್ಲ. ಒಂದು ಬೀದಿ ಮುಗಿಯುವ ಹೊತ್ತಿಗೆ ನಿಮ್ಮ ಹತ್ತಿರ ಯಾವ ಪುಸ್ತಕದಲ್ಲೂ ಸಿಗದ ಮಾಹಿತಿ ಇರುತ್ತದೆ. ಅಪರಿಚಿತರ ಹತ್ತಿರ ಮಾತಾಡುವ ಭಯವೂ ಅರ್ಧ ಕಮ್ಮಿಯಾಗಿರುತ್ತದೆ. ಇನ್ನರ್ಧ ನಿಧಾನಕ್ಕೆ ಹೋಗುತ್ತದೆ. ಯಾರಾದರೂ "ಬೇಡ" ಅಂದರೆ ಅವರು ಬೇಡ ಅಂದಿದ್ದು ಪ್ಯಾಕೆಟ್ಟಿಗೆ. ನಿಮಗಲ್ಲ. ಇದು ಹೇಳಿದರೆ ಅರ್ಥವಾಗುವುದಿಲ್ಲ, ಕೆಲವು ಸಲ "ಬೇಡ" ಕೇಳಿಸಿಕೊಂಡ ಮೇಲೆಯೇ ಅರ್ಥವಾಗುವುದು.

ಈಗ ದುಡ್ಡಿನ ಧೈರ್ಯ. ಸರಸ್ ಸರಸ್ವತಿ ಅಂತ ಭಾರತದಲ್ಲಿ ಹುಟ್ಟಿದ ಪ್ರಾಧ್ಯಾಪಕಿ ಅಮೆರಿಕದಲ್ಲಿದ್ದಾರೆ. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ 27 ಜನರನ್ನು ಕೂರಿಸಿಕೊಂಡು, ಒಂದೇ ಸಮಸ್ಯೆ ಕೊಟ್ಟು, ಜೋರಾಗಿ ಯೋಚಿಸಿ ಅಂತ ಹೇಳಿ ಅಧ್ಯಯನ ಮಾಡಿದರು. ಅವರು ಕಂಡ ಒಂದು ಸಂಗತಿ ನನಗೆ ಬಹಳ ಬೆಲೆಯುಳ್ಳದ್ದು ಅನಿಸುತ್ತದೆ. ಹೊಸಬರು "ಇದರಲ್ಲಿ ಎಷ್ಟು ಬರಬಹುದು?" ಅಂತ ಕೇಳಿಕೊಳ್ಳುತ್ತಾರೆ. ಪಳಗಿದವರು "ಇದರಲ್ಲಿ ಎಷ್ಟು ಹೋದರೆ ನಾನು ತಡೆದುಕೊಳ್ಳಬಲ್ಲೆ?" ಅಂತ ಕೇಳಿಕೊಳ್ಳುತ್ತಾರೆ. ಕೈಯಲ್ಲಿ ಏನಿದೆ, ಯಾರು ಗೊತ್ತು, ಏನು ಬರುತ್ತದೆ, ಅಲ್ಲಿಂದ ಶುರು ಮಾಡುತ್ತಾರೆ.

ಈ ಪ್ರಶ್ನೆಯನ್ನು ನಮ್ಮ ಮನೆಗಳಿಗೆ ತನ್ನಿ. ತಾಳಿ ಸರ, ಅಜ್ಜಿಯ ಬಳೆ ಅಡ ಇಟ್ಟು ಅಂಗಡಿ ತೆರೆಯುವವರನ್ನು ನೋಡಿದ್ದೇನೆ. ಜಮೀನಿನ ಪತ್ರ ಇಟ್ಟವರನ್ನು ನೋಡಿದ್ದೇನೆ. ಅವರ ಧೈರ್ಯದ ಬಗ್ಗೆ ಗೌರವ ಇದೆ. ಆದರೆ ಅದು ಹತ್ತಡಿಯಿಂದ ಎಸೆದ ಬಳೆ. ತಡೆದುಕೊಳ್ಳಬಹುದಾದ ಮೊತ್ತ ಮೊದಲು ಬರೆದುಕೊಳ್ಳಿ. ಐದು ಸಾವಿರ ಅಂದರೆ ಐದು ಸಾವಿರದಲ್ಲಿ ಏನು ಪರೀಕ್ಷೆ ಮಾಡಬಹುದು ನೋಡಿ. ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲು ಎರಡು ಸಂತೆಯಲ್ಲಿ ಕೂತು ಮಾರಿ. ಮಿಷನ್ನು ಕೊಳ್ಳುವ ಮೊದಲು ಯಾರದ್ದಾದರೂ ಮಿಷನ್ನಲ್ಲಿ ಕೂಲಿ ಕೊಟ್ಟು ಮಾಡಿಸಿ.

ಕ್ಯಾಪ್ಟನ್ ಗೋಪಿನಾಥ್ ಹೆಸರು ಎಲ್ಲರಿಗೂ ಗೊತ್ತು. ಗೊರೂರಿನವರು. ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು ಅಂತ ನೀವು ಓದಿದ್ದೀರಿ. ಆದರೆ ವಿಮಾನಕ್ಕೂ ಮೊದಲಿನ ಕಥೆ ನಮಗೆ ಹೆಚ್ಚು ಉಪಯೋಗ. ಸೈನ್ಯದಿಂದ ಹೊರಗೆ ಬಂದಾಗ ಅವರ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿಗೆ ಹೋಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಕಡೆಯ ಬರಡು ಜಮೀನು. ಅಲ್ಲಿ ಟೆಂಟ್ ಹಾಕಿಕೊಂಡು ಬೇಸಾಯ ಶುರು ಮಾಡಿದರು. ತೆಂಗು, ರೇಷ್ಮೆ. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಮೋಟಾರ್ ಸೈಕಲ್ ಡೀಲರ್‌ಶಿಪ್ ನಡೆಸಿದರು, ಹೋಟೆಲ್ ನಡೆಸಿದರು. 1997ರ ಹೊತ್ತಿಗೆ ಹೆಲಿಕಾಪ್ಟರ್ ಕಂಪನಿ. ಅವರ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ, ಆಗ ಅವರಿಗೆ ಐವತ್ತು ದಾಟಿತ್ತು. 2007ರಲ್ಲಿ ಅದು ಕಿಂಗ್‌ಫಿಷರ್ ಕೈಗೆ ಹೋಗಬೇಕಾಯಿತು, ಆ ನಷ್ಟವೂ ಅವರ ಕಥೆಯ ಭಾಗವೇ. ಹೊಲದಿಂದ ನೇರ ಆಕಾಶಕ್ಕೆ ಹಾರಲಿಲ್ಲ ಅವರು. ಒಂದೊಂದು ಕೆಲಸದಲ್ಲಿ ಜನರನ್ನು ನಿಭಾಯಿಸುವುದು, ಬ್ಯಾಂಕಿನವರ ಹತ್ತಿರ ಮಾತಾಡುವುದು, ಗಿರಾಕಿ ಯಾಕೆ ಬರುತ್ತಾನೆ ಅನ್ನುವುದು ಕಲಿಯುತ್ತಾ ಹೋದರು. ಇಪ್ಪತ್ತೊಂದು ವರ್ಷಕ್ಕೇ "ನನ್ನಿಂದ ಏನೂ ಆಗಲಿಲ್ಲ" ಅನ್ನುವ ಮಕ್ಕಳು ಆ ಇಸವಿಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಬೇಕು.

ಸಬ್ಸಿಡಿ ಬಗ್ಗೆ ಮಾತಾಡದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಚಿಕ್ಕದಾಗಿ ಹೇಳುತ್ತೇನೆ. ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯ ನಿಯಮದಲ್ಲಿ ಹಳ್ಳಿಯ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ ಶೇ 35 ಸಹಾಯಧನ. ಕೈಯಿಂದ ಹಾಕಬೇಕಾದ್ದು ಶೇ 10 ಅಥವಾ ಶೇ 5. ಆದರೆ ಬಹಳ ಜನಕ್ಕೆ ಒಂದು ವಿಷಯ ಗೊತ್ತಿರುವುದಿಲ್ಲ. ಆ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದೆ ಅಂತ ಪರಿಶೀಲನೆ ಆದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಬಾಗಿಲು ಹಾಕಿದರೆ ವಾಪಸ್ ಹೋಗುತ್ತದೆ. ಹಾಗಾಗಿ ಸಬ್ಸಿಡಿ ಇದೆ ಅಂತ ಉದ್ಯಮ ಆರಿಸಬೇಡಿ. ಇನ್ನೊಂದು, ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಯಾರಾದರೂ ಸರ್ಕಾರಿ ಶುಲ್ಕ ಅಂತ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಅಕ್ಕಂದಿರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸಂಘದ ಸಾಲ ನಿಮ್ಮ ಹೆಸರಲ್ಲಿ, ಕಂತು ಕಟ್ಟುವವರು ನೀವು, ದುಡ್ಡು ಬಳಸಿದ್ದು ಇನ್ಯಾರೋ. ಇದು ಎಲ್ಲ ಊರಲ್ಲೂ ನಡೆಯುತ್ತಿದೆ. ನೀವು ಬೆಳೆಸಿಕೊಳ್ಳಬೇಕಾದ ಗುಣಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮನೆಯವರಿಗೆ "ಈ ದುಡ್ಡು ಬೇರೆ, ಆ ದುಡ್ಡು ಬೇರೆ" ಅಂತ ಹೇಳುವುದು. ಜಗಳ ಮಾಡಿ ಅಂತ ಹೇಳುತ್ತಿಲ್ಲ. ಬೇರೆ ಖಾತೆ ತೆರೆಯಿರಿ. ಲೆಕ್ಕದ ಪುಸ್ತಕವನ್ನು ಮನೆಯವರ ಎದುರೇ ಕೂತು ಬರೆಯಿರಿ. ಪುಸ್ತಕದಲ್ಲಿ ಬರೆದ ಅಂಕಿ ತೋರಿಸಿ "ಇದು ನಾಳೆ ಎಣ್ಣೆಗೆ" ಅಂದಾಗ ಕೇಳುವವರಿಗೂ ಅದು ಬರೀ ಹಟ ಅನಿಸುವುದಿಲ್ಲ. ಮನೆಯ ಗಂಡಸರು ಇಲ್ಲೂ ಹಲವರು ಬಂದಿದ್ದೀರಿ. ನಿಮ್ಮಲ್ಲಿ ನನ್ನ ಕಳಕಳಿಯ ವಿನಂತಿ, ಆ ಪುಸ್ತಕಕ್ಕೆ ಮರ್ಯಾದೆ ಕೊಡಿ.

ಕೊನೆಗೆ ಪ್ರಶ್ನೆಗಳ ಹೊತ್ತಲ್ಲಿ ಬಿಕಾಂ ಓದುವ ಹುಡುಗನೊಬ್ಬ ಎದ್ದು ನಿಂತು ಕೇಳಿದ. "ಎಲ್ಲ ಸರಿ ಸಾರ್, ನಾನು ಯಾವ ಬಿಸಿನೆಸ್ ಮಾಡಲಿ ಅಂತ ನೀವೇ ಹೇಳಿಬಿಡಿ." ಅವನಿಗೆ ನಾನು ವಾಪಸ್ ಕೇಳಿದೆ, ನಿಮ್ಮ ಮನೆಯಲ್ಲಿ ಏನಿದೆ? ಅರಸೀಕೆರೆ ಹತ್ತಿರ ತೆಂಗಿನ ತೋಟ, ಅಪ್ಪ ಕೊಬ್ಬರಿ ಮಾಡಿ ಮಂಡಿಗೆ ಹಾಕುತ್ತಾರೆ ಅಂದ. ಕೊಬ್ಬರಿ ಒಣಗಲು ಅಟ್ಟದ ಮೇಲೆ ಎಷ್ಟು ತಿಂಗಳು ಕೂರುತ್ತದೆ, ಅಷ್ಟು ದಿನ ಎಷ್ಟು ದುಡ್ಡು ಸಿಕ್ಕಿಕೊಂಡಿರುತ್ತದೆ, ಸಿಪ್ಪೆ ಎಲ್ಲಿಗೆ ಹೋಗುತ್ತದೆ, ಚಿಪ್ಪು ಎಲ್ಲಿಗೆ ಹೋಗುತ್ತದೆ, ಅದನ್ನು ಕೊಳ್ಳುವವರು ಮುಂದೆ ಏನು ಮಾಡುತ್ತಾರೆ ಅಂತ ಕೇಳಿದೆ. ಚಿಪ್ಪು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಲಾರಿ ಬರುತ್ತೆ, ತಗೊಂಡು ಹೋಗುತ್ತಾರೆ ಅಂದ. ಆ ಲಾರಿಯವರ ಹತ್ತಿರ ಒಂದು ದಿನ ಮಾತಾಡು, ಆಗುವುದಾದರೆ ಅದರಲ್ಲೇ ಹತ್ತಿ ಹೋಗಿ ನೋಡಿ ಬಾ ಅಂದೆ. ಚಿಪ್ಪಿನಿಂದ ಇದ್ದಿಲು ಮಾಡುತ್ತಾರೆ, ಇದ್ದಿಲಿನಿಂದ ನೀರು ಶುದ್ಧ ಮಾಡುವ ಆಕ್ಟಿವೇಟೆಡ್ ಕಾರ್ಬನ್ ಮಾಡುತ್ತಾರೆ. ನಾನು ಹೇಳಿದರೆ ಅದು ಒಂದು ವಾಕ್ಯ. ಅವನು ಹೋಗಿ ನೋಡಿದರೆ ಯಾರು, ಎಷ್ಟಕ್ಕೆ, ಎಂಥ ಚಿಪ್ಪು ಕೊಳ್ಳುತ್ತಾರೆ ಅಂತ ತಿಳಿಯುತ್ತದೆ.

ಜಿಲ್ಲೆಯ ಆರ್‌ಸೆಟಿಯಲ್ಲಿ 18 ತುಂಬಿದ ಗ್ರಾಮೀಣ ಯುವಕ ಯುವತಿಯರಿಗೆ ಊಟ ವಸತಿ ಸಮೇತ ಉಚಿತ ತರಬೇತಿ ಇರುತ್ತದೆ. ಯಾವ ತಿಂಗಳು ಯಾವ ಬ್ಯಾಚ್ ಅಂತ ನಿಮ್ಮ ಬ್ಯಾಂಕಿನಲ್ಲಿ ಅಥವಾ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿ. ಆಧಾರ್, ಪಡಿತರ ಚೀಟಿ, ಫೋಟೋ ತಗೊಂಡು ಹೋಗಿ. ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ನಿಮ್ಮನ್ನು ವಿಚಾರಿಸುತ್ತಿರಬೇಕು ಅಂತ ನಿಯಮ ಇದೆ. ಅವರು ಫೋನ್ ಮಾಡಿದಾಗ ಎತ್ತಿ. ನಷ್ಟ ಆಗಿದ್ದರೆ ಮುಚ್ಚಿಡಬೇಡಿ, ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡೇ ಮಾತಾಡಿ.